ನಮ್ಮ ಗಡಿಯಾರ ನಿಮ್ಮ ಟೇಬಲ್ ಮೇಲಿದೆ

ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳ ವಿಶ್ವವಿದ್ಯಾಲಯಗಳ ಕುಲಪತಿಗಳಿಗೆ, ಕುಲಸಚಿವರಿಗೆ ಮತ್ತು ಪಿಎಚ್‌ಡಿ ಗೈಡ್‌ಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಒಂದು ಸಾಲಿನ ಪತ್ರಕ್ಕಾಗಿ ನಾನು ಹನ್ನೊಂದು ದಿನ ಓಡಾಡಿದ್ದೇನೆ. ‘ಇವರ ಪಿಎಚ್‌ಡಿ ವೈವಾ ಇಂಥ ದಿನ ಆಗಿದೆ, ಪಾಸಾಗಿದ್ದಾರೆ’ ಎಂದು ಲೆಟರ್‌ಹೆಡ್ ಮೇಲೆ ಬರೆದು, ಸಹಿ ಹಾಕಿ, ಸೀಲ್ ಒತ್ತಿ ಕೊಟ್ಟಿದ್ದರೆ ಸಾಕಿತ್ತು. 2023ರ ಆಗಸ್ಟ್ ಕೊನೆಗೆ ನನ್ನ ವೈವಾ, ಅಂದರೆ ಥೀಸಿಸ್ ಮೇಲಿನ ಮೌಖಿಕ ಪರೀಕ್ಷೆ, ಮುಗಿದಿತ್ತು. ಯುರೋಪಿನ ಮೇರಿ ಕ್ಯೂರಿ ಪೋಸ್ಟ್‌ಡಾಕ್ ಫೆಲೋಶಿಪ್‌ಗೆ ಅರ್ಜಿ ಹಾಕಲು ಸೆಪ್ಟೆಂಬರ್ 13ರವರೆಗೆ ಟೈಮ್ ಇತ್ತು. ಅಲ್ಲಿನ ನಿಯಮದ ಪ್ರಕಾರ ಪದವಿ ಪತ್ರ ಕೈಗೆ ಬಂದಿರಲೇಬೇಕು ಎಂದೇನಿಲ್ಲ. ಕೊನೆಯ ದಿನದೊಳಗೆ ವೈವಾ ಪಾಸಾಗಿದ್ದರೆ ಆಯಿತು. ಅಲ್ಲಿನ ಒಬ್ಬ ಪ್ರಾಧ್ಯಾಪಕಿ ನನ್ನನ್ನು ಜೊತೆಗೆ ಸೇರಿಸಿಕೊಳ್ಳಲು ಒಪ್ಪಿದ್ದರು. ಅವರ ಕಚೇರಿಯವರು ಕೇಳಿದ್ದು ಆ ಒಂದು ಸಾಲು ಮಾತ್ರ.

ಕೌಂಟರಿನಲ್ಲಿದ್ದ ಕ್ಲರ್ಕ್ ಒಳ್ಳೆಯವರು. ಕುರ್ಚಿ ಕೊಟ್ಟರು, ನೀರು ಕೊಟ್ಟರು. ‘ನೋಟಿಫಿಕೇಶನ್ ಆಗೂ ತನಕ ಏನೂ ಕೊಡಾಕ ಬರಂಗಿಲ್ಲ ಮೇಡಂ’ ಅಂದರು. ನೋಟಿಫಿಕೇಶನ್, ಅಂದರೆ ಪಿಎಚ್‌ಡಿ ಆಗಿದೆ ಎಂದು ವಿಶ್ವವಿದ್ಯಾಲಯ ಹೊರಡಿಸುವ ಪ್ರಕಟಣೆ, ಯಾವಾಗ ಎಂದು ಕೇಳಿದೆ. ಅದು ಅವರ ಕೈಯಲ್ಲಿರಲಿಲ್ಲ. ಸಹಿ ಹಾಕಬೇಕಾದವರು ಬೆಂಗಳೂರಿಗೆ ಹೋಗಿದ್ದರು. ಮರುದಿನ ಹೋದೆ, ಮೀಟಿಂಗ್. ಅದರ ಮರುದಿನ ಹೋದೆ, ‘ಅರ್ಜಿ ಕೊಡಿ, ಪುಟಪ್ ಮಾಡ್ತೀವಿ’ ಅಂದರು. ಅರ್ಜಿ ಕೊಟ್ಟೆ. ಅದು ಒಂದು ಫೈಲ್ ಆಯಿತು, ಫೈಲಿಗೆ ಒಂದು ನಂಬರ್ ಬಂತು.

ಸೆಪ್ಟೆಂಬರ್ 13ರಂದು ಬ್ರಸೆಲ್ಸ್‌ನಲ್ಲಿ ಸಂಜೆ 5 ಗಂಟೆ ಅಂದರೆ ನಮಗೆ ರಾತ್ರಿ ಎಂಟೂವರೆ. ಆ ಹೊತ್ತಿಗೆ ನಾನು ಮನೆಯ ಹೊರಗಿನ ಕಟ್ಟೆ ಮೇಲೆ ಲ್ಯಾಪ್‌ಟಾಪ್ ಹಿಡಿದು ಕೂತಿದ್ದೆ. ಹತ್ತು ಪುಟದ ಪ್ರಪೋಸಲ್ ರೆಡಿ ಇತ್ತು. ನಾಲ್ಕು ತಿಂಗಳ ಕೆಲಸ ಅದು. ಎಂಟೂವರೆ ಆಯಿತು, ಪೋರ್ಟಲ್ ಮುಚ್ಚಿತು. ಆ ಪತ್ರ ಸೆಪ್ಟೆಂಬರ್ 20ಕ್ಕೆ ಸಿಕ್ಕಿತು. ಅದನ್ನು ಇನ್ನೂ ಇಟ್ಟುಕೊಂಡಿದ್ದೇನೆ.

ಇದು ಎಲ್ಲಿ ನಡೆಯಿತು ಎಂದು ಬರೆಯುವುದಿಲ್ಲ. ಯಾರ ಹೆಸರನ್ನೂ ಕೆಡಿಸಲು ಈ ಪತ್ರ ಬರೆಯುತ್ತಿಲ್ಲ. ಇದೇ ಕಥೆಯನ್ನು ನನಗೆ ಹೇಳಿದವರು ಬೇರೆ ಬೇರೆ ಊರಿನಲ್ಲಿ, ಬೇರೆ ಬೇರೆ ವಿಷಯದಲ್ಲಿ ಪಿಎಚ್‌ಡಿ ಮಾಡಿದವರು. ಆದ್ದರಿಂದ ಎಲ್ಲರಿಗೂ ಒಟ್ಟಿಗೇ ಬರೆಯುತ್ತಿದ್ದೇನೆ.

ಮೊದಲು ಪೋಸ್ಟ್‌ಡಾಕ್ ಎಂದರೇನು ಎಂದು ಎರಡು ಮಾತು ಹೇಳಬೇಕು. ಯಾಕೆಂದರೆ ನಮ್ಮ ಮನೆಗಳಲ್ಲಿ ಇದು ಯಾರಿಗೂ ಗೊತ್ತಿಲ್ಲ. ನಮ್ಮ ಅವ್ವ ಕೇಳುತ್ತಾಳೆ: ‘ಡಾಕ್ಟರ್ ಆದೆಲ್ಲವ್ವ, ಮತ್ತೇನ ಅರ್ಜಿ ಹಾಕಾಕತ್ತಿ?’ ಕೇಳುವುದರಲ್ಲಿ ತಪ್ಪೇನಿದೆ? ಪಿಎಚ್‌ಡಿ ಅಂದರೆ ಒಬ್ಬ ಗೈಡ್ ಕೈ ಹಿಡಿದು ಸಂಶೋಧನೆ ಕಲಿಯುವುದು. ಪೋಸ್ಟ್‌ಡಾಕ್ ಅಂದರೆ ಕಲಿತದ್ದನ್ನು ಬಳಸಿ ನಿಮ್ಮದೇ ಒಂದು ಪ್ರಶ್ನೆಗೆ ಎರಡು ವರ್ಷ ಪೂರ್ತಿ ದುಡಿಯುವುದು. ಆ ಎರಡು ವರ್ಷ ಸ್ಟೈಪೆಂಡ್ ಬರುತ್ತದೆ, ಬೇರೆ ಕಡೆಯ ಲೈಬ್ರರಿ, ಲ್ಯಾಬ್, ಹಿರಿಯರ ಒಡನಾಟ ಸಿಗುತ್ತದೆ. ಥೀಸಿಸ್ ಪುಸ್ತಕವಾಗುವುದು, ಒಳ್ಳೆಯ ಲೇಖನಗಳು ಹೊರಬರುವುದು ಸಾಮಾನ್ಯವಾಗಿ ಆಗಲೇ. ಇದು ಕೆಲಸ ಸಿಗದವರು ಟೈಮ್ ಪಾಸ್ ಮಾಡುವ ಜಾಗ ಎಂದು ನಮ್ಮ ಕಡೆ ಕೆಲವು ಹಿರಿಯರೇ ಹೇಳುವುದನ್ನು ಕೇಳಿದ್ದೇನೆ. ಹಾಗೆ ಹೇಳಬೇಡಿ. ವಿಶ್ವವಿದ್ಯಾಲಯ ಅನುದಾನ ಆಯೋಗದ, ಅಂದರೆ ಯುಜಿಸಿಯ, 2018ರ ನೇಮಕಾತಿ ನಿಯಮಾವಳಿಯನ್ನೇ ನೋಡಿ. ಸಹಾಯಕ ಪ್ರಾಧ್ಯಾಪಕರ ಹುದ್ದೆಯ ಸಂದರ್ಶನಕ್ಕೆ ಅಭ್ಯರ್ಥಿಗಳನ್ನು ಆರಿಸುವಾಗ ಪಾಠ ಮಾಡಿದ ವರ್ಷಕ್ಕೂ ಪೋಸ್ಟ್‌ಡಾಕ್ ಮಾಡಿದ ವರ್ಷಕ್ಕೂ ಒಂದೇ ತೂಕ: ವರ್ಷಕ್ಕೆ 2 ಅಂಕ, ಒಟ್ಟು 10ರವರೆಗೆ.

ಈಗ ಗಡಿಯಾರದ ವಿಷಯಕ್ಕೆ ಬರುತ್ತೇನೆ.

ಈ ಫೆಲೋಶಿಪ್‌ಗಳಲ್ಲಿ ಬಹಳಷ್ಟು ಪಿಎಚ್‌ಡಿ ಆದ ದಿನದಿಂದ ಲೆಕ್ಕ ಹಾಕುತ್ತವೆ. ಜರ್ಮನಿಯ ಹಂಬೋಲ್ಟ್ ಫೆಲೋಶಿಪ್‌ಗೆ ಪೋಸ್ಟ್‌ಡಾಕ್ ಹಂತದಲ್ಲಿ ಅರ್ಜಿ ಹಾಕುವುದಾದರೆ ಪಿಎಚ್‌ಡಿ ಆಗಿ ನಾಲ್ಕು ವರ್ಷ ದಾಟಿರಬಾರದು. ಅಮೆರಿಕದ ಫುಲ್‌ಬ್ರೈಟ್-ನೆಹರೂಗೂ ನಾಲ್ಕು ವರ್ಷ. ಮೇರಿ ಕ್ಯೂರಿಗೆ ಎಂಟು ವರ್ಷ, ಅದರಲ್ಲಿ ಮಗುವಿಗಾಗಿ ಬಿಟ್ಟ ಅವಧಿಯನ್ನು ಕಳೆಯುತ್ತಾರೆ. ನಮ್ಮ ದೇಶದ್ದೇ ಆದ, ವಿಜ್ಞಾನ ಸಂಶೋಧನೆಗೆ ನೆರವು ಕೊಡುವ ಕೇಂದ್ರದ ಸಂಸ್ಥೆ ಎಎನ್‌ಆರ್‌ಎಫ್‌ನ ರಾಷ್ಟ್ರೀಯ ಪೋಸ್ಟ್‌ಡಾಕ್ ಫೆಲೋಶಿಪ್ ಇದೆ. ಮೊದಲು ಎಸ್‌ಇಆರ್‌ಬಿ ಹೆಸರಲ್ಲಿ ಇತ್ತಲ್ವಾ, ಅದೇ. ಅದು ವಯಸ್ಸು ನೋಡುತ್ತದೆ. 35 ವರ್ಷ ಮಿತಿ, ಮಹಿಳೆಯರಿಗೆ, ಎಸ್‌ಸಿ, ಎಸ್‌ಟಿ, ಒಬಿಸಿ ಮತ್ತು ಅಂಗವಿಕಲರಿಗೆ ಐದು ವರ್ಷ ವಿನಾಯಿತಿ. ಹೇಗೆ ಲೆಕ್ಕ ಹಾಕಿದರೂ ಒಂದು ಮಾತು ಗಟ್ಟಿ. ದಿನ ಹೋದಂತೆ ನಮ್ಮ ಬಾಗಿಲು ಮುಚ್ಚುತ್ತಾ ಬರುತ್ತದೆ.

ಬೆಳಿಗ್ಗೆ ಹತ್ತಕ್ಕೆ ಕಚೇರಿಗೆ ಬಂದು ನೀವು ಫೈಲ್ ತೆರೆಯುವ ಟೇಬಲ್ ಇದೆಯಲ್ಲ, ನಮ್ಮ ಗಡಿಯಾರ ಅದರ ಮೇಲೆ ಓಡುತ್ತಿರುತ್ತದೆ.

ನನ್ನ ಥೀಸಿಸ್ ಒಪ್ಪಿಸಿದ್ದು 2022ರ ಜೂನ್‌ನಲ್ಲಿ. ವೈವಾ ಆಗಿದ್ದು 2023ರ ಆಗಸ್ಟ್‌ನಲ್ಲಿ. ಹದಿನಾಲ್ಕು ತಿಂಗಳು. ನೋಟಿಫಿಕೇಶನ್ ಬಂದಿದ್ದು 2024ರ ಮಾರ್ಚ್‌ನಲ್ಲಿ. ಮತ್ತೆ ಏಳು ತಿಂಗಳು. ಈ ಇಪ್ಪತ್ತೊಂದು ತಿಂಗಳಲ್ಲಿ ಥೀಸಿಸ್‌ನ ಒಂದು ಅಕ್ಷರವೂ ಬದಲಾಗಲಿಲ್ಲ. ಪರೀಕ್ಷಕರು ತಿದ್ದುಪಡಿ ಕೇಳಲಿಲ್ಲ. ಅದು ಸುಮ್ನೆ ಕಾಯುತ್ತಿತ್ತು, ಅದರ ಜೊತೆ ನಾನೂ.

ಯುಜಿಸಿ ಪಿಎಚ್‌ಡಿ ನಿಯಮಾವಳಿ ಏನು ಹೇಳುತ್ತದೆ ಎಂದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆದರೂ ಇಲ್ಲಿ ಬರೆಯುತ್ತೇನೆ, ಯಾಕೆಂದರೆ ಓದುವ ಹುಡುಗ ಹುಡುಗಿಯರಿಗೆ ಗೊತ್ತಿರುವುದಿಲ್ಲ. ಥೀಸಿಸ್ ಒಪ್ಪಿಸಿದ ದಿನದಿಂದ ಆರು ತಿಂಗಳ ಒಳಗೆ ಮೌಲ್ಯಮಾಪನ, ವೈವಾ, ಫಲಿತಾಂಶ ಘೋಷಣೆ ಎಲ್ಲವೂ ಮುಗಿಯುವಂತೆ ವಿಶ್ವವಿದ್ಯಾಲಯ ವ್ಯವಸ್ಥೆ ಮಾಡಿಕೊಳ್ಳಬೇಕು. 2022ರ ನಿಯಮಾವಳಿಯಲ್ಲಿ ಇದಿದೆ. ಪದವಿ ಪ್ರದಾನಕ್ಕೆ ಮೊದಲೇ ಪ್ರೊವಿಜನಲ್ ಸರ್ಟಿಫಿಕೇಟ್ ಕೊಡಬೇಕು ಎಂದೂ ಅದರಲ್ಲೇ ಇದೆ. ನಾನು ಹೊಸದೇನನ್ನೂ ಕೇಳುತ್ತಿಲ್ಲ.

ತಡ ಎಲ್ಲಿ ಆಗುತ್ತದೆ ಎಂದು ತಿಳಿದುಕೊಳ್ಳಲು ನಾನು ಆಮೇಲೆ ನಿಧಾನವಾಗಿ ಕೇಳುತ್ತಾ ಹೋದೆ. ಕೆಟ್ಟ ಮನಸ್ಸು ಎಲ್ಲೂ ಕಾಣಲಿಲ್ಲ. ಥೀಸಿಸ್‌ಗೆ ಹೊರಗಿನ ಪರೀಕ್ಷಕರು ಕನಿಷ್ಠ ಇಬ್ಬರು ಬೇಕು. ಅವರ ಪಟ್ಟಿ ಹೋಗಬೇಕು, ಒಪ್ಪಿಗೆ ಬರಬೇಕು. ಒಬ್ಬರು ಒಪ್ಪಿಗೆ ಪತ್ರಕ್ಕೆ ಉತ್ತರ ಕೊಡಲಿಲ್ಲ ಅಂದುಕೊಳ್ಳಿ. ಒಂದು ತಿಂಗಳು ಕಾದು ಎರಡನೇ ಹೆಸರಿಗೆ ಹೋಗಬಹುದು. ಆದರೆ ಒಂದು ತಿಂಗಳು ಆಯಿತು ಎಂದು ನೆನಪಿಡುವ ಕೆಲಸ ಯಾರಿಗೂ ಒಪ್ಪಿಸಿಲ್ಲ. ಗೈಡ್ ಕೇಳುವಂತಿಲ್ಲ, ಗೌಪ್ಯ ವಿಷಯ. ವಿದ್ಯಾರ್ಥಿ ಕೇಳಿದರೆ ಒತ್ತಡ ಹಾಕಿದಂತೆ. ಕ್ಲರ್ಕ್ ಬಳಿ ನೂರಾರು ಫೈಲ್. ವರದಿ ಕಳಿಸಿ ಎಂದು ಪರೀಕ್ಷಕರಿಗೆ ನೆನಪಿನ ಓಲೆ ಹೋಗಬೇಕಲ್ಲ, ಆ ಓಲೆ ಬರೆಯುವ ಒಂದು ಕೈ ಇದ್ದಿದ್ದರೆ ನನ್ನ ಹದಿನಾಲ್ಕು ತಿಂಗಳಲ್ಲಿ ಅರ್ಧ ಉಳಿಯುತ್ತಿತ್ತು. ಒಬ್ಬ ಸಿಬ್ಬಂದಿ, ಒಂದು ಪಟ್ಟಿ, ಪ್ರತಿ ಥೀಸಿಸ್ ಎದುರು ಒಂದು ತಾರೀಖು. ಅಷ್ಟು ಮಾಡಲು ದೊಡ್ಡ ಬಜೆಟ್ ಬೇಕಾಗಿಲ್ಲ, ಅಲ್ವಾ?

ಆ ತಾರೀಖನ್ನು ವಿದ್ಯಾರ್ಥಿಗೂ ಕಾಣುವಂತೆ ಇಡಿ. ಪರೀಕ್ಷಕರ ಹೆಸರು ಬೇಡ. ‘ಥೀಸಿಸ್ ಕಳಿಸಲಾಗಿದೆ’, ‘ಒಂದು ವರದಿ ಬಂದಿದೆ’ ಎಂದು ಗೊತ್ತಾದರೂ ಸಾಕು. ಗ್ಯಾಸ್ ಸಿಲಿಂಡರ್ ಬುಕ್ ಮಾಡಿದರೆ ಎಲ್ಲಿದೆ ಎಂದು ಫೋನಿಗೆ ಮೆಸೇಜ್ ಬರುತ್ತದೆ. ಐದು ವರ್ಷದ ಥೀಸಿಸ್ ಎಲ್ಲಿದೆ ಎಂದು ತಿಳಿಯಲು ಬಸ್ ಹತ್ತಬೇಕು.

ಕಚೇರಿಯ ಮಾತು ಇಷ್ಟು. ಇನ್ನು ಗೈಡ್‌ಗಳಿಗೆ ಹೇಳಬೇಕಾದದ್ದಿದೆ. ಅದನ್ನು ಹೇಳಲು ನನ್ನ ಮೊದಲ ಪ್ರಪೋಸಲ್ ಕಥೆ ಹೇಳಬೇಕು.

ನನ್ನ ಪಿಎಚ್‌ಡಿ ಆದಿಲ್‌ಶಾಹಿ ಕಾಲದ ವಿಜಯಪುರದ ನೀರಿನ ವ್ಯವಸ್ಥೆಯ ಮೇಲೆ. ತೊರವಿಯಲ್ಲಿ ಸುರಂಗ ಬಾವಡಿ (ಬಾವಡಿ ಅಂದರೆ ಬಾವಿ) ಇದೆ. ಅಲ್ಲಿಂದ ನೆಲದೊಳಗೆ ಕೊರೆದ ಕಾಲುವೆಯಲ್ಲಿ ನೀರು ಊರಿಗೆ ಬರುತ್ತಿತ್ತು. ಇದನ್ನು ಕರೇಜ್ ಅನ್ನುತ್ತಾರೆ. ದಾರಿಯುದ್ದಕ್ಕೂ ಗಾಳಿ ಆಡಲು, ಹೂಳು ತೆಗೆಯಲು ಬಾವಿಯಂಥ ಕಿಂಡಿಗಳು. ಊರೊಳಗೆ ಗಂಜ್ ಎನ್ನುವ ಕಲ್ಲಿನ ಗೋಪುರಗಳು, ನೀರಿನ ಒತ್ತಡ ತಗ್ಗಿಸಿ ಮುಂದೆ ಕಳಿಸಲು. 1651ರ ಬೇಗಂ ತಲಾಬ್, 1620ರ ತಾಜ್ ಬಾವಡಿ, ಹೀಗೆ. ಐದು ವರ್ಷ ಇದರಲ್ಲೇ ಮುಳುಗಿದ್ದೆ. ಆದ್ದರಿಂದ ಪೋಸ್ಟ್‌ಡಾಕ್ ಪ್ರಪೋಸಲ್ ಬರೆಯಲು ಕೂತಾಗ ಕಷ್ಟ ಆಗಲಿಲ್ಲ. ಥೀಸಿಸ್‌ನ ಮೊದಲ ಅಧ್ಯಾಯ ತೆಗೆದು ಐದು ಪುಟಕ್ಕೆ ಇಳಿಸಿದೆ. ಕೊನೆಗೆ ‘ಈ ವಿಷಯದ ಬಗ್ಗೆ ಇನ್ನಷ್ಟು ಆಳವಾದ ಅಧ್ಯಯನ ಮಾಡಲಾಗುವುದು’ ಎಂದು ಸೇರಿಸಿದೆ. ಸಿನಾಪ್ಸಿಸ್ ಬರೆಯುವುದು ನಮಗೆ ಕಲಿಸಿದ್ದು ಹಾಗೇ.

ಅದನ್ನು ಬೆಂಗಳೂರಿನ ಒಬ್ಬ ಪ್ರಾಧ್ಯಾಪಕರಿಗೆ ಕಳಿಸಿದೆ. ಪರಿಚಯ ಇಲ್ಲದವರು. ಅವರು ಎರಡು ವಾಕ್ಯದ ಉತ್ತರ ಬರೆದರು: ‘ಇದೆಲ್ಲ ನಿಮಗೆ ಈಗಾಗಲೇ ಗೊತ್ತಿದೆ. ನಿಮಗೆ ಗೊತ್ತಿಲ್ಲದ್ದು, ತಿಳಿಯಲೇಬೇಕು ಅನ್ನಿಸಿದ್ದು ಏನು?’

ಆ ಪ್ರಶ್ನೆ ಇಟ್ಟುಕೊಂಡು ಒಂದು ವಾರ ಒದ್ದಾಡಿದೆ. ನನ್ನನ್ನು ಐದು ವರ್ಷದಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ಒಂದು ಸಂಜೆ ತಾಜ್ ಬಾವಡಿಗೆ ಹೋಗಿ ಕೂತೆ. ಥೀಸಿಸ್ ಮುಗಿದ ಮೇಲೆ ಆ ಕಡೆ ಹೋಗಿರಲಿಲ್ಲ. ಹತ್ತಿರದ ಮನೆಯ ಒಬ್ಬ ಅಜ್ಜಿ ಮಾತಿಗೆ ಬಂದಳು. ಅವಳ ಅಜ್ಜಿ ಹೇಳುತ್ತಿದ್ದ ದೊಡ್ಡ ಬರದ ಕಥೆ ಹೇಳಿದಳು. ಹಳ್ಳಿಯವರು ದನ ಬಿಟ್ಟು, ಮಕ್ಕಳನ್ನು ಎತ್ತಿಕೊಂಡು ಊರಿಗೆ ಬಂದರಂತೆ, ಈ ಬಾವಡಿಯ ಮೆಟ್ಟಿಲ ಮೇಲೆ ಮಲಗುತ್ತಿದ್ದರಂತೆ. ನನಗೆ ಮೈ ಜುಂ ಅಂದಿತು. 1876–78ರ ಬರ ಅದು ಇದ್ದೀತು. ಆಗ ಆದಿಲ್‌ಶಾಹಿ ಮುಗಿದು ಹತ್ತಿರ ಹತ್ತಿರ ಇನ್ನೂರು ವರ್ಷ. ಹಾಗಾದರೆ ಆ ಹಳೆಯ ಬಾವಿಗಳಲ್ಲಿ ಅಷ್ಟೊತ್ತಿಗೆ ಎಷ್ಟು ನೀರು ಉಳಿದಿತ್ತು? ಯಾರು ಸೇದಬಹುದಿತ್ತು, ಯಾರಿಗೆ ಬಿಡುತ್ತಿರಲಿಲ್ಲ? ಹೂಳು ತೆಗೆಸಲು ಬ್ರಿಟಿಷ್ ಕಚೇರಿ ದುಡ್ಡು ಕೊಟ್ಟಿತ್ತಾ? ನನಗೆ ಗೊತ್ತಿರಲಿಲ್ಲ. ನಿಜವಾಗಿಯೂ ತಿಳಿಯಬೇಕು ಅನ್ನಿಸಿತು.

ಪ್ರಶ್ನೆ ಸಿಕ್ಕ ಮೇಲೆ ಉಳಿದದ್ದೆಲ್ಲ ತಾನಾಗಿ ಬಂತು. ಆ ಕಾಲದಲ್ಲಿ ಜಿಲ್ಲೆಯ ಕೇಂದ್ರ ವಿಜಯಪುರ ಅಲ್ಲ, ಈಗ ಬಾಗಲಕೋಟೆ ಜಿಲ್ಲೆಯಲ್ಲಿರುವ ಕಲಾದಗಿ. ಅದು ವಿಜಯಪುರಕ್ಕೆ ಬಂದಿದ್ದು 1885ರಲ್ಲಿ. ನಾವು ಆಗ ಬಾಂಬೆ ಪ್ರೆಸಿಡೆನ್ಸಿ. ಹಾಗಾಗಿ ಕಲಾದಗಿಯಿಂದ ಹೋದ ಕಾಗದಗಳನ್ನು ಮುಂಬೈನ ದಾಖಲೆ ಭಂಡಾರದಲ್ಲಿ ಹುಡುಕಬೇಕು. ಮುಂಬೈನಲ್ಲಿ ಎಷ್ಟು ತಿಂಗಳು, ಊರಿನ ಹಿರಿಯರ ಮಾತು ದಾಖಲಿಸಲು ಎಷ್ಟು ತಿಂಗಳು, ಇಂಗ್ಲಿಷ್ ಕಡತ ಓದಲು, ಹಳೆಯ ಮರಾಠಿ ಕಾಗದಗಳ ಮೋಡಿ ಲಿಪಿ ಕಲಿಯಲು ಎಷ್ಟು ಎಂದು ಬರೆದೆ. ಯಾವ ಪ್ರಾಧ್ಯಾಪಕರ ಬಳಿ ಹೋಗಬೇಕು ಎನ್ನುವುದೂ ಸ್ಪಷ್ಟವಾಯಿತು: ಬರದ ಇತಿಹಾಸ ಗೊತ್ತಿರುವವರ ಬಳಿ. ಆದಿಲ್‌ಶಾಹಿ ವಾಸ್ತು ಗೊತ್ತಿರುವವರು ನನಗೆ ಇನ್ನು ಬೇಡ. ಐದು ಪುಟದ ಇತಿಹಾಸ ಒಂದು ಪ್ಯಾರಾ ಆಯಿತು.

ಗೈಡ್‌ಗಳೇ, ದಯವಿಟ್ಟು ಆ ಪ್ರಶ್ನೆಯನ್ನು ನೀವೇ ಕೇಳಿ. ಥೀಸಿಸ್ ಬೈಂಡಿಂಗ್‌ಗೆ ಹೋದ ವಾರವೇ ಕೇಳಿ. ಪಿಎಚ್‌ಡಿಗೆ ಕನಿಷ್ಠ 12 ಕ್ರೆಡಿಟ್ ಕೋರ್ಸ್‌ವರ್ಕ್ ಕಡ್ಡಾಯ ಇದೆ. ಸಂಶೋಧನಾ ವಿಧಾನ ಎಂದು ಹೈಪಾಥಿಸಿಸ್‌ನ ವಿಧಗಳನ್ನು ಬಾಯಿಪಾಠ ಮಾಡಿಸುತ್ತೀರಿ. ಅದರಲ್ಲಿ ಒಂದು ವಾರ ತೆಗೆದಿಡಿ. ಪ್ರತಿಯೊಬ್ಬರೂ ಮೂರು ಪುಟದ ಪ್ರಪೋಸಲ್ ಬರೆಯಲಿ, ಬೇರೆ ವಿಭಾಗದವರು ಓದಿ ಏನು ಅರ್ಥ ಆಗಲಿಲ್ಲ ಎಂದು ಹೇಳಲಿ. ಇತಿಹಾಸದ್ದನ್ನು ರಸಾಯನಶಾಸ್ತ್ರದವರು ಓದಲಿ. ಆಯ್ಕೆ ಸಮಿತಿಯಲ್ಲಿ ಕೂರುವವರು ಎಲ್ಲರೂ ನಮ್ಮ ವಿಷಯದವರೇ ಇರುವುದಿಲ್ಲವಲ್ಲ.

ರೆಫರೆನ್ಸ್ ಲೆಟರ್ ಬಗ್ಗೆಯೂ ಹೇಳಿಬಿಡುತ್ತೇನೆ. ‘ನೀನೇ ಬರೆದು ತಾ, ಸಹಿ ಹಾಕ್ತೀನಿ’ ಅನ್ನುವುದು ನಮ್ಮ ಕಡೆ ವಾಡಿಕೆ. ಪ್ರೀತಿಯಿಂದಲೇ ಹೇಳುತ್ತೀರಿ, ಗೊತ್ತು. ಆದರೆ ನನ್ನ ಬಗ್ಗೆ ನಾನೇ ಬರೆದರೆ ‘ಶ್ರಮಜೀವಿ, ಪ್ರಾಮಾಣಿಕ, ಶಿಸ್ತಿನ ವಿದ್ಯಾರ್ಥಿನಿ’ ಎಂದು ಬರೆಯಬಲ್ಲೆ, ಅಷ್ಟೇ. ಒಬ್ಬಳು ಬೇಸಿಗೆಯಲ್ಲಿ ಒಣಗಿದ ಕರೇಜ್ ಕಿಂಡಿಗಳನ್ನು ಒಂದೊಂದಾಗಿ ಅಳೆದು ನಕ್ಷೆ ಮಾಡಿದಳು, ಹಳೆಯ ನಕ್ಷೆಯಲ್ಲಿ ತಪ್ಪಿದ್ದನ್ನು ಹಿಡಿದಳು ಎಂದು ನೀವು ಬರೆದರೆ ಓದುವವರು ನಂಬುತ್ತಾರೆ. ಅದನ್ನು ನೋಡಿದವರು ನೀವು ಮಾತ್ರ. ಈಗ ಹೆಚ್ಚಿನ ಕಡೆ ಪತ್ರ ಕಳಿಸುವ ಲಿಂಕ್ ನೇರವಾಗಿ ನಿಮ್ಮ ಇಮೇಲ್‌ಗೆ ಬರುತ್ತದೆ. ಅದನ್ನು ತೆರೆದು ನೋಡಿ. ಎರಡು ವರ್ಷಗಳ ಹಿಂದೆ ನನ್ನ ಗೆಳತಿಯೊಬ್ಬಳ ಅರ್ಜಿ ಮೂರರಲ್ಲಿ ಒಂದು ಪತ್ರ ಬಾರದೆ ಬಿದ್ದುಹೋಯಿತು. ಪತ್ರ ಕೇಳಿದ ಲಿಂಕ್ ಸ್ಪ್ಯಾಮ್ ಫೋಲ್ಡರಿನಲ್ಲಿ ಇತ್ತಂತೆ.

ಕನ್ನಡದಲ್ಲಿ ಥೀಸಿಸ್ ಬರೆದವರ ಪಾಡು ಬೇರೆಯೇ. ನನ್ನದೂ ಕನ್ನಡದ ಥೀಸಿಸ್. ಅದಕ್ಕೆ ನನಗೆ ಹೆಮ್ಮೆ ಇದೆ. ಬಾವಡಿ ಹತ್ತಿರದ ಅಜ್ಜಿಯ ಮಾತನ್ನು ನಾನು ಇಂಗ್ಲಿಷಿನಲ್ಲಿ ಯೋಚಿಸಲಾರೆ. ಆದರೆ ಆಯ್ಕೆ ಸಮಿತಿಗೆ ಕನ್ನಡ ಬರುವುದಿಲ್ಲ. ನನ್ನ ಐದು ವರ್ಷದ ಕೆಲಸ ಅವರಿಗೆ ಒಂದು ಹೆಸರು, ಒಂದು ವರ್ಷ, ಅಷ್ಟೇ. ಇದಕ್ಕೆ ದಾರಿ ಇದೆ. ಪ್ರತಿ ಕನ್ನಡ ಥೀಸಿಸ್ ಜೊತೆ ಹತ್ತು ಪುಟದ ಒಳ್ಳೆಯ ಇಂಗ್ಲಿಷ್ ಸಾರಾಂಶ ಇರಲಿ. ವಿಶ್ವವಿದ್ಯಾಲಯಗಳ ಇಂಗ್ಲಿಷ್ ವಿಭಾಗಗಳು ಅದನ್ನು ತಿದ್ದಿಕೊಡಲಿ. ಥೀಸಿಸ್‌ಗಳ ಆನ್‌ಲೈನ್ ಭಂಡಾರ ಶೋಧಗಂಗಾಕ್ಕೆ ಥೀಸಿಸ್ ಹೇಗೂ ಏರಿಸುತ್ತೀರಿ, ಸಾರಾಂಶವೂ ಅಲ್ಲೇ ಇರಲಿ. ಆಗ ದೆಹಲಿಯವರೋ ಬರ್ಲಿನ್‌ನವರೋ ನಮ್ಮ ಹೆಸರು ಹುಡುಕಿದರೆ ಓದಲು ಏನಾದರೂ ಸಿಗುತ್ತದೆ. ಕನ್ನಡದಲ್ಲಿ ಬರೆಯಬೇಡಿ ಎಂದು ಮಾತ್ರ ಯಾರಿಗೂ ಹೇಳಬೇಡಿ.

ಇನ್ನೊಂದು ಮಾತು, ಇದು ನನಗೆ ತುಂಬಾ ಮುಖ್ಯ. ನಾವು ಹೊರಗೆ ಹೋಗುವುದನ್ನೇ ಯಾಕೆ ಯೋಚಿಸಬೇಕು? ಬೇರೆಯವರು ಇಲ್ಲಿಗೆ ಬರುವಂತೆ ಯಾಕೆ ಆಗಬಾರದು? ಎಎನ್‌ಆರ್‌ಎಫ್ ಫೆಲೋಶಿಪ್‌ಗೆ ಮಾನ್ಯತೆ ಇರುವ ಸಂಸ್ಥೆಯಲ್ಲಿ ಕಾಯಂ ಹುದ್ದೆಯಲ್ಲಿರುವ ಮೆಂಟರ್, ಅಂದರೆ ಮಾರ್ಗದರ್ಶಕರು ಬೇಕು, ಆ ಸಂಸ್ಥೆಯ ಒಪ್ಪಿಗೆ ಪತ್ರ ಬೇಕು. ಬೆಂಗಳೂರಿನ ಐಐಎಸ್ಸಿಯೇ ಆಗಬೇಕು ಎಂದಿಲ್ಲ. ಬಾಗಲಕೋಟೆಯಲ್ಲಿ ತೋಟಗಾರಿಕೆ ವಿಶ್ವವಿದ್ಯಾಲಯ 2008ರಿಂದ ಇದೆ. ಸುತ್ತ ದಾಳಿಂಬೆ ಬೆಳೆಗಾರರು ದುಂಡಾಣು ಅಂಗಮಾರಿ ರೋಗಕ್ಕೆ ತೋಟವನ್ನೇ ಕಿತ್ತು ಹಾಕಿದ್ದಾರೆ. ವಿಜಯಪುರದಲ್ಲಿ ದ್ರಾಕ್ಷಿ ಇದೆ, ಒಣದ್ರಾಕ್ಷಿ ಇದೆ. ಬೆಳಗಾವಿಯಲ್ಲಿ ಸಾಂಪ್ರದಾಯಿಕ ಔಷಧಿಗಳ ಮೇಲೆ ಕೆಲಸ ಮಾಡುವ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಸಂಸ್ಥೆ ಇದೆ. ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟೆಯ ಓಣಿಗಳು ಹೋಗಿ ನವನಗರ ಎದ್ದಿತಲ್ಲ, ಆ ಮನೆ ಬಿಟ್ಟವರ ಮೊಮ್ಮಕ್ಕಳು ಈಗ ಕಾಲೇಜಿಗೆ ಬಂದಿದ್ದಾರೆ. ಸಮಾಜ ವಿಜ್ಞಾನದ ಒಬ್ಬ ಪೋಸ್ಟ್‌ಡಾಕ್‌ಗೆ ಇದಕ್ಕಿಂತ ದೊಡ್ಡ ಪ್ರಶ್ನೆ ಎಲ್ಲಿ ಸಿಗುತ್ತದೆ? ಸಮಾಜ ವಿಜ್ಞಾನಗಳ ಸಂಶೋಧನೆಗೆ ನೆರವು ಕೊಡುವ ಕೇಂದ್ರದ ಸಂಸ್ಥೆ ಐಸಿಎಸ್‌ಎಸ್‌ಆರ್ ಇಂಥ ಕೆಲಸಕ್ಕೇ ಪೋಸ್ಟ್‌ಡಾಕ್ ಫೆಲೋಶಿಪ್ ಕೊಡುತ್ತದೆ.

ಆದರೆ ಹೊರಗಿನ ಒಬ್ಬ ಯುವಕ ನಿಮ್ಮ ವಿಭಾಗಕ್ಕೆ ಇಮೇಲ್ ಬರೆದರೆ ಏನಾಗುತ್ತದೆ? ಮೆಂಟರ್ ಆಗಲು ಒಪ್ಪುವ ಪ್ರಾಧ್ಯಾಪಕರು ಸಿಕ್ಕರೂ ಸಂಸ್ಥೆಯ ಒಪ್ಪಿಗೆ ಪತ್ರಕ್ಕೆ ಯಾರು ಸಹಿ ಹಾಕಬೇಕು ಎಂದೇ ಗೊತ್ತಿರುವುದಿಲ್ಲ. ವಿಭಾಗದ ಮುಖ್ಯಸ್ಥರು ಕುಲಸಚಿವರಿಗೆ ಕಳಿಸುತ್ತಾರೆ, ಅವರು ‘ಹಿಂದೆ ಕೊಟ್ಟ ಉದಾಹರಣೆ ಇದೆಯಾ’ ಎಂದು ಕೇಳುತ್ತಾರೆ. ಇರುವುದಿಲ್ಲ. ಫೈಲ್ ಅಲ್ಲೇ ನಿಲ್ಲುತ್ತದೆ. ಮೊದಲ ಉದಾಹರಣೆ ನೀವೇ ಹಾಕಿಕೊಡಿ. ಪತ್ರದ ಒಂದು ನಮೂನೆ ತಯಾರು ಮಾಡಿ ವೆಬ್‌ಸೈಟಿನಲ್ಲಿ ಇಡಿ. ಸಹಿ ಯಾರದು, ಎಷ್ಟು ದಿನದಲ್ಲಿ ಸಿಗುತ್ತದೆ ಎಂದು ಬರೆಯಿರಿ. ಇಂಥ ಒಬ್ಬರು ಬಂದರೆ ವಿಭಾಗದಲ್ಲಿ ಓದುವ ಮಕ್ಕಳಿಗೂ ಪೋಸ್ಟ್‌ಡಾಕ್ ಎಂದರೇನು ಎಂದು ಕಣ್ಣಾರೆ ಗೊತ್ತಾಗುತ್ತದೆ. ನನಗೆ ಅದು ಮೂವತ್ತೆರಡನೇ ವಯಸ್ಸಿನಲ್ಲಿ ಗೊತ್ತಾಯಿತು.

ಈಗ ನಾನು ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ರಜೆಯ ತಿಂಗಳಲ್ಲಿ ಸಂಬಳ ಇರುವುದಿಲ್ಲ. ಪಾಠ ಮಾಡುವುದು ನನಗೆ ಇಷ್ಟ. ಬಬಲೇಶ್ವರ, ತಿಕೋಟಾ ಕಡೆಯಿಂದ ಬೆಳಿಗ್ಗೆ ಬಸ್ ಹಿಡಿದು ಬರುವ ಹುಡುಗಿಯರು ಮೊದಲ ಬೆಂಚಿನಲ್ಲಿ ಕೂರುತ್ತಾರೆ. ಅವರಿಗೆ ಪಾಠ ಮಾಡಿ ಬಂದು, ಅಡುಗೆ ಮುಗಿಸಿ, ರಾತ್ರಿ ಹತ್ತರ ಮೇಲೆ ಪ್ರಪೋಸಲ್ ಬರೆಯುತ್ತೇನೆ. ನನ್ನಂಥವರು ಈ ಮೂರು ಜಿಲ್ಲೆಗಳಲ್ಲಿ ಬಹಳ ಜನ ಇದ್ದಾರೆ. ಹೆಣ್ಣುಮಕ್ಕಳಿಗಂತೂ ಪಿಎಚ್‌ಡಿ ಮುಗಿಯುವ ವಯಸ್ಸೂ ಮದುವೆ, ಮಗುವಿನ ವಯಸ್ಸೂ ಒಂದೇ. ಪಿಎಚ್‌ಡಿ ಅವಧಿಯಲ್ಲಿ 240 ದಿನದ ಹೆರಿಗೆ ಮತ್ತು ಶಿಶುಪಾಲನಾ ರಜೆ ಪಡೆಯಬಹುದು ಎಂದು ಯುಜಿಸಿ ನಿಯಮದಲ್ಲಿದೆ. ಎಷ್ಟು ವಿಭಾಗಗಳ ನೋಟಿಸ್ ಬೋರ್ಡಿನಲ್ಲಿ ಅದನ್ನು ಹಾಕಿದ್ದೀರಿ? 2022ರ ಶಿಕ್ಷಕರ ದಿನದಂದು ಯುಜಿಸಿ ಡಾ. ರಾಧಾಕೃಷ್ಣನ್ ಪೋಸ್ಟ್‌ಡಾಕ್ ಫೆಲೋಶಿಪ್ ಘೋಷಿಸಿತು. 900 ಸ್ಥಾನ, ಅದರಲ್ಲಿ ಶೇ 30 ಮಹಿಳೆಯರಿಗೆ, ತಿಂಗಳಿಗೆ 50,000 ರೂಪಾಯಿ. ನಮ್ಮ ಬ್ಯಾಚಿನ ಏಳು ಜನರಲ್ಲಿ ಈ ಸುದ್ದಿ ಗೊತ್ತಾಗಿದ್ದು ಇಬ್ಬರಿಗೆ. ಅದೂ ವಾಟ್ಸಾಪ್‌ನಲ್ಲಿ ಯಾರೋ ಕಳಿಸಿದ್ದರಿಂದ.

ಪಿಎಚ್‌ಡಿ ಮುಗಿಸುವ ಹಂತದಲ್ಲಿರುವ ತಂಗಿ ತಮ್ಮಂದಿರು ಇದನ್ನು ಓದುತ್ತಿದ್ದರೆ, ಕಚೇರಿಗಳು ಬದಲಾಗುವವರೆಗೆ ಕಾಯಬೇಡಿ. ಥೀಸಿಸ್ ಒಪ್ಪಿಸುವ ಒಂದು ವರ್ಷ ಮೊದಲೇ ಶುರು ಮಾಡಿ. ಮೆಂಟರ್‌ಗೆ ಬರೆಯುವ ಇಮೇಲ್ ಚಿಕ್ಕದಿರಲಿ, ಅವರ ಯಾವ ಲೇಖನ ಓದಿದ್ದೀರಿ ಎಂದು ಹೇಳಿ, ನಿಮ್ಮ ಪ್ರಶ್ನೆಯನ್ನು ಎರಡು ಸಾಲಿನಲ್ಲಿ ಹೇಳಿ. ಉತ್ತರ ಬಾರದಿದ್ದರೆ ಎರಡು ವಾರ ಬಿಟ್ಟು ಇನ್ನೊಮ್ಮೆ ಬರೆಯಿರಿ, ಅದು ಮರ್ಯಾದೆಗೆ ಕಡಿಮೆ ಅಲ್ಲ. ಎಎನ್‌ಆರ್‌ಎಫ್‌ನವರು ಥೀಸಿಸ್ ಒಪ್ಪಿಸಿ ಪದವಿಗೆ ಕಾಯುತ್ತಿರುವವರ ಅರ್ಜಿಯನ್ನೂ ತೆಗೆದುಕೊಳ್ಳುತ್ತಾ ಬಂದಿದ್ದಾರೆ, ಸ್ಟೈಪೆಂಡ್ ಮಾತ್ರ ಪದವಿ ಸಿಗುವವರೆಗೆ ಕಡಿಮೆ. ಪ್ರತಿ ವರ್ಷ ಹೊಸ ಪ್ರಕಟಣೆ ತೆಗೆದು ನಿಯಮ ಓದಿ. ನನ್ನ ಅರ್ಜಿ ಎರಡು ಸಲ ತಿರಸ್ಕಾರ ಆಗಿದೆ. ಎರಡನೇ ಸಲ ಬಂದ ಪರಿಶೀಲಕರ ಅಭಿಪ್ರಾಯದಲ್ಲಿ ಬೈಗುಳ ಇರಲಿಲ್ಲ, ಕೆಲಸಕ್ಕೆ ಬರುವ ಮಾತುಗಳಿದ್ದವು. ನನ್ನ ಎರಡೂ ಪ್ರಪೋಸಲ್ ಯಾರಿಗೆ ಬೇಕಾದರೂ ಕೊಡುತ್ತೇನೆ, ತಪ್ಪುಗಳ ಸಮೇತ.

ಕೊನೆಗೆ ಒಂದು ಫೈಲ್ ಬಗ್ಗೆ. ನನಗಿಂತ ನಾಲ್ಕು ವರ್ಷ ಚಿಕ್ಕವಳಾದ ಒಬ್ಬಳು ಇದ್ದಾಳೆ. ಜೋಳದ ತಳಿಗಳ ಮೇಲೆ ಕೆಲಸ ಮಾಡಿದವಳು, ಅಪ್ಪ ಅಮ್ಮ ಹೊಲದಲ್ಲಿ ದುಡಿಯುವವರು. ಅವಳ ವೈವಾ ಆಗಿ ಮೂರು ತಿಂಗಳಾಯಿತು. ನೋಟಿಫಿಕೇಶನ್ ಇನ್ನೂ ಬಂದಿಲ್ಲ. ಅವಳನ್ನು ತೆಗೆದುಕೊಳ್ಳಲು ಹೈದರಾಬಾದಿನಲ್ಲಿ ಒಬ್ಬ ವಿಜ್ಞಾನಿ ಒಪ್ಪಿದ್ದಾರೆ, ಅರ್ಜಿಗೆ ಈ ತಿಂಗಳ ಕೊನೆಯವರೆಗೆ ಅವಕಾಶ ಇದೆ. ಹೆಸರು ಬರೆದರೆ ಅವಳಿಗೆ ತೊಂದರೆ ಆಗಬಹುದೆಂದು ಬರೆಯುತ್ತಿಲ್ಲ. ಆದ್ದರಿಂದ ನಿಮ್ಮೆಲ್ಲರನ್ನೂ ಕೇಳಿಕೊಳ್ಳುತ್ತೇನೆ: ವೈವಾ ಮುಗಿದು ನೋಟಿಫಿಕೇಶನ್ ಆಗದೇ ಉಳಿದಿರುವ ಫೈಲ್‌ಗಳನ್ನು ಸೋಮವಾರ ಬೆಳಿಗ್ಗೆ ಟೇಬಲ್ ಮೇಲೆ ತರಿಸಿಕೊಳ್ಳಿ. ಅವುಗಳಲ್ಲಿ ಒಂದು ಅವಳದು.

ನಿಮ್ಮ ವಿಶ್ವಾಸಿ,
ಒಬ್ಬ ಸಂಶೋಧಕಿ
ವಿಜಯಪುರ